ಬಿಳಿ ಕಣ ಯಾಕೆ ಕಮ್ಮಿ?

ಸರೋಜಮ್ಮನಿಗೆ ಜ್ವರ ಬಿಟ್ಟರೆ ಬಾಯಿಹುಣ್ಣು, ಹುಣ್ಣು ಮಾಯ್ದರೆ ಕೀಲುನೋವು. ಸರಸ್ವತಿಪುರಂನ ಪಕ್ಕದ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿ, "ಬಿಳಿ ಕಣ ತುಂಬಾ ಕಮ್ಮಿ" ಅಂದರು. ಅತ್ತೆ ದೇವಿರಮ್ಮನಿಗೆ ಕೇಳಿಸಿದ್ದು 'ಬಿಳಿ' ಎನ್ನುವ ಮಾತೊಂದೇ. ಹಾಲು, ಮೊಸರು, ಬೆಣ್ಣೆ, ಕಾಯಿತುರಿ, ಹೀಗೆ ಸುಣ್ಣವೊಂದನ್ನು ಬಿಟ್ಟು ಮನೆಯಲ್ಲಿದ್ದ ಬಿಳಿಯದನ್ನೆಲ್ಲ ಸೊಸೆಗೆ ತಿನ್ನಿಸಿದರು. ಜ್ವರ ಮಾತ್ರ ಇಳಿಯಲಿಲ್ಲ.

ಒಂದು ದಿನ ನರ್ಸ್ ನಾಗಮಣಿ ಮನೆಗೇ ಬಂದರು. "ಇನ್ನೊಂದು ಸಲ ರಕ್ತ ಕೊಡಬೇಕಂತೆ, ದೇವಿರಮ್ಮನೋರೆ."

"ಅಯ್ಯೋ ಬುಡಿ ನರ್ಸಮ್ಮ! ಕಮ್ಮಿ ಅಂತ ನೀವೇ ಹೇಳ್ತೀರ, ಇರೋದನ್ನೂ ಎಳ್ಕೋತೀರ. ನಾಳೆನೇ ಇವಳ್ನ ಇಲವಾಲದ ನಾಟಿ ಪಂಡಿತರ ತಾವ ಕರ್ಕೊಂಡ್ ಹೋಯ್ತೀನಿ."

"ಎರಡು ಚಮಚ ಕಣಮ್ಮ, ಅಷ್ಟೇ. ಹೊಲದಲ್ಲಿ ರಾಗಿ ಕಮ್ಮಿ ಆದ್ರೆ ಏನ್ಮಾಡ್ತೀರಿ?"

"ದನ ಮೇಯ್ತೋ, ಹುಳ ಬಿತ್ತೋ ನೋಡ್ತೀವಿ."

"ಬೇಲಿನೇ ಎದ್ದು ಹೊಲ ಮೇಯ್ದಿದ್ರೆ? ಬಿಳಿ ಕಣ ಅಂದ್ರೆ ಮೈಗೆ ಕಾವಲು. ಒಂದೊಂದು ಸಲ ಆ ಕಾವಲೇ ಮೈಮೇಲೆ ತಿರುಗಿ ಬೀಳುತ್ತೆ. ಅದನ್ನ ಹಿಡಿಯೋ ಪರೀಕ್ಷೆ ಇದು. ಹೊಸದು, ಬಂದು ಇನ್ನೂ ಹದಿನೈದು ವರ್ಷ ಆಗಿಲ್ಲ."

ಮೂಲೆಯಲ್ಲಿ ಮಲಗಿದ್ದ ಸರೋಜಮ್ಮ ಎದ್ದು ಕೂತಳು. "ಅತ್ತೆ, ನಾನು ಕೊಡ್ತೀನಿ. ಏನಾಗಿದೆ ಅಂತ ತಿಳೀದೆ ಸಾಯಕ್ಕೆ ನಂಗಿಷ್ಟ ಇಲ್ಲ."

ಆ ಮಾತಿಗೆ ದೇವಿರಮ್ಮ ತಾವೇ ಹೋಗಿ ಜಟಕಾ ಕರೆತಂದರು.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವ ಸದಾಶಿವಯ್ಯನವರ ತಾಳ್ಮೆಯನ್ನು ನೋಡಬೇಕಿತ್ತು. ರಕ್ತ ಹೆಪ್ಪುಗಟ್ಟುವವರೆಗೆ ಕಾದರು, ಆ ಹೆಪ್ಪನ್ನು ಅರೆದು ಸೋಸಿದರು, ಗಾಜಿನ ಮೇಲೆ ಸವರಿ ಬಣ್ಣ ಹಾಕಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಊಟಕ್ಕೂ ಏಳಲಿಲ್ಲ. ಮೂರು ಗಾಜಿನಲ್ಲಿ ಏನೂ ಸಿಗಲಿಲ್ಲ. ಬೇರೆಯವರಾಗಿದ್ದರೆ 'ಇಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಈ ಪುಣ್ಯಾತ್ಮ ನಾಲ್ಕನೆಯ ಗಾಜನ್ನೂ ಇಟ್ಟು ಹುಡುಕಿದರು. ಅದರಲ್ಲಿ ಸಿಕ್ಕಿತು.

"ನೀವೂ ನೋಡಿ ತಾಯಿ," ಎಂದು ದೇವಿರಮ್ಮನನ್ನು ಕರೆದರು.

"ಅಯ್ಯಯ್ಯೋ, ಒಂದು ಕಣ ಇನ್ನೊಂದ್ನ ನುಂಗ್ಬುಟ್ಟೈತೆ!"

"ಮೈಯ ಕಾವಲು ತಿರುಗಿ ಬಿದ್ದಿದೆ ಅನ್ನೋದಕ್ಕೆ ಅದೇ ಗುರುತು ಕಣಮ್ಮ. ಒಂದರ ತಿರುಳನ್ನ ಇನ್ನೊಂದು ನುಂಗಿದೆ."

ಡಾಕ್ಟರು ಅಂದೇ ಔಷಧಿ ಶುರುಮಾಡಿದರು. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹತೋಟಿಯಲ್ಲಿಡಬಹುದು ಎಂದೂ ತಿಳಿಸಿದರು. ಮೂರು ತಿಂಗಳಲ್ಲಿ ಜ್ವರ ನಿಂತಿತು, ಬಿಳಿ ಕಣ ಏರಿತು. "ಇನ್ನೂ ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು," ಎಂದು ಡಾಕ್ಟರು ಹೇಳಿದಾಗ ದೇವಿರಮ್ಮ ನಾಗಮಣಿಯವರ ಕೈ ಹಿಡಿದುಕೊಂಡು ಅತ್ತುಬಿಟ್ಟರು.

"ನನ್ ಕೈಯಾರೆ ಕಳ್ಕೋತಿದ್ನಲ್ಲ ನರ್ಸಮ್ಮ, ಚಿನ್ನದಂಥ ಸೊಸೇನ!"

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಜ್ವರ, ಬಾಯಿಹುಣ್ಣು, ಕೀಲುನೋವು ಮತ್ತೆ ಮತ್ತೆ ಬಂದರೆ ಡಾಕ್ಟರನ್ನು ಕೇಳದೆ ಕಂಡ ಕಂಡ ಮಾತ್ರೆ ನುಂಗಬೇಡಿ. ಬಿಳಿ ಕಣ ಕಮ್ಮಿ ಅಂದರೆ ಕಾರಣವನ್ನೂ ಕೇಳಿ ತಿಳಿಯಿರಿ. ಡಾಕ್ಟರು ಎರಡನೇ ಸಲ ರಕ್ತ ಕೇಳಿದರೆ ಮುಖ ತಿರುಗಿಸಬೇಡಿ. ನಿಮ್ಮ ಮನೆಯವರು ಬದುಕಲಿ ಎಂದು ಊಟ ಬಿಟ್ಟು ಹುಡುಕುವವರು ಅಲ್ಲಿ ಕೂತಿದ್ದಾರೆ.