ಒಲ್ಲೆನೆನ್ನುವ ಗೊಂಬೆ

ಮೈದಾನದ ಗೇಟಿನಲ್ಲಿ ಬಂದವರಿಗೆಲ್ಲ ಒಂದೊಂದು ಗೊಂಬೆ ಹಂಚುತ್ತಿದ್ದರು. ತಟ್ಟಿದರೆ ಸಾಕು, ಗೊಂಬೆ ಲೂಥರ್ 'ಒಲ್ಲೆ, ಒಲ್ಲೆ' ಎಂದು ಅಡ್ಡಡ್ಡ ತಲೆಯಾಡಿಸುತ್ತಿದ್ದ. ಓರ್ವಿಲ್‌ನ ಕೈಗೂ ಒಂದು ತುರುಕಿದರು. ಗಾಯಕ್ಕೆ ಉಪ್ಪು ಸವರುವುದಕ್ಕೂ ಒಂದು ಮಿತಿ ಬೇಡವೇ?

ಆ ತಲೆಯಾಟದ ಕಥೆ ಕಾರ್ವರ್ ಫಾಲ್ಸ್‌ನ ಕೂಸಿಗೂ ಗೊತ್ತು. ಐವತ್ತು ವರ್ಷದ ಹಿಂದೆ ಊರಿನ ಹೆರನ್ಸ್ ತಂಡ ಕಪ್ ಗೆದ್ದ ಬೇಸ್‌ಬಾಲ್ ಪಂದ್ಯ, ಕೊನೆಯ ಚೆಂಡು. ಬ್ಯಾಟರ್‌ನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ಓರ್ವಿಲ್, ತೊಡೆಯ ನಡುವೆ ಬೆರಳು ತೋರಿಸಿ ವೇಗದ ಚೆಂಡು ಕೇಳಿದನಂತೆ. ಪಿಚರ್ ಲೂಥರ್ ಆಗದು ಎಂದು ತಲೆಯಾಡಿಸಿ ತಿರುವು ಚೆಂಡು ಎಸೆದನಂತೆ. ಬ್ಯಾಟು ಬರೀ ಗಾಳಿ ಸೀಳಿತು, ಕಪ್ ಬಂತು. ಅಂದಿನಿಂದ ಲೂಥರ್ ಜಾಣ, ಓರ್ವಿಲ್ ಪೆದ್ದ. ಕ್ಷೌರದಂಗಡಿಯವನೂ ಬಿಡುತ್ತಿರಲಿಲ್ಲ: "ನೀವು ಹೇಳ್ದಂಗೇ ಕತ್ತರಿಸ್ಲಾ ಅಜ್ಜ, ಇಲ್ಲಾ ಲೂಥರ್ ಥರ ತಲೆ ಆಡಿಸ್ಲಾ?"

ನಿಜ ಬೇರೆಯೇ ಇತ್ತು. ತಿರುವು ಚೆಂಡನ್ನು ಕೇಳಿದವನೇ ಓರ್ವಿಲ್. ಕೇಳಿ, ಹೆಬ್ಬೆರಳಿನಿಂದ ತೊಡೆ ಉಜ್ಜಿದ್ದ. ಹಾಗೆ ಉಜ್ಜಿದರೆ 'ಸುಮ್ಮನೆ ತಲೆಯಾಡಿಸು, ಬ್ಯಾಟರ್‌ನ ತಲೆ ಕೆಡಲಿ' ಎಂದರ್ಥ. ಆಡುವಷ್ಟು ದಿನ ಸನ್ನೆಯ ಗುಟ್ಟು ಬಿಟ್ಟುಕೊಡಬಾರದೆಂದು ಬಾಯಿ ಮುಚ್ಚಿಕೊಂಡ. ಆಮೇಲೆ ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಹೇಳಬೇಕಾದವನು ಲೂಥರ್, ಅವನೋ ಹೊಗಳಿಕೆಯನ್ನು ಬೆಲ್ಲದಂತೆ ಚಪ್ಪರಿಸುತ್ತ ಕೂತುಬಿಟ್ಟ.

ಈ ಭಾನುವಾರ ಲೂಥರ್‌ನ ಹತ್ತೊಂಬತ್ತನೇ ನಂಬರಿನ ಅಂಗಿ ಮೈದಾನದ ಗೌರವದ ಗೋಡೆ ಏರುವುದಿತ್ತು. ಇನ್ನು ತಂಡದಲ್ಲಿ ಯಾರೂ ಆ ನಂಬರು ತೊಡುವಂತಿಲ್ಲ. ಅದಕ್ಕೆ ಮುಂಚೆ ಅವನೊಂದು ಚೆಂಡು ಎಸೆಯಬೇಕು, ಓರ್ವಿಲ್ ಹಿಡಿಯಬೇಕು.

"ಆ ಮಂಡೀಲಿ ಕೂತ್ರೆ ಮತ್ತೆ ಏಳೋ ಹಾಗಿಲ್ಲ ಕಣ್ರೀ," ಎಂದಳು ಓರ್ವಿಲ್‌ನ ಹೆಂಡತಿ ಐಡಾ.

"ಕೂರ್ತೀನಿ ಕಣೇ. ಇವತ್ತಾದ್ರೂ ಬಾಯಿ ಬಿಡ್ತಾನಾ ನೋಡೋಣ. ಇವತ್ತು ತಪ್ಪಿದ್ರೆ ಗೋಡೆ ಮೇಲೆ ಸುಳ್ಳೇ ಖಾಯಂ."

ಕೂತ. ಮಂಡಿಗಳು ಒಣ ಸೌದೆಯಂತೆ ಲಟಲಟ ಎಂದವು. ಎದುರಿಗೆ ಮಣ್ಣಿನ ದಿಬ್ಬದ ಮೇಲೆ ಲೂಥರ್ ನಿಂತಿದ್ದ, ಹೊಟ್ಟೆ ಬೆಲ್ಟಿನಾಚೆ ಇಣುಕುತ್ತಿತ್ತು. ಓರ್ವಿಲ್ ತಿರುವು ಚೆಂಡಿಗೆಂದು ಎರಡು ಬೆರಳು ತೋರಿಸಿದ, ಹೆಬ್ಬೆರಳಿನಿಂದ ತೊಡೆ ಉಜ್ಜಿದ. ಅದೇ ಹಳೆಯ ಸನ್ನೆ. ಜನ ಗೊಂಬೆಗಳನ್ನು ಎತ್ತಿ ಹಿಡಿದು "ಆಡ್ಸು! ತಲೆ ಆಡ್ಸು!" ಎಂದು ಅರಚಿದರು.

ಲೂಥರ್ ಬಹಳ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದು, ಗದ್ದ ಎದೆಗೆ ತಾಗುವಂತೆ ತಲೆ ಬಗ್ಗಿಸಿ ಹೂಂ ಎಂದ. ಅರಚಾಟ ನಿಂತಿತು. ಅವನು ಮೈಕು ತರಿಸಿದ.

"ಅವತ್ತೂ ಇದೇ ಸನ್ನೆ ಕಣ್ರಪ್ಪಾ. ತಿರುವು ಚೆಂಡು ಕೇಳಿದ್ದು ಅವ್ನು, ತಲೆ ಆಡ್ಸು ಅಂದಿದ್ದೂ ಅವ್ನೇ. ಅವ್ನು ಹೇಳಿದ್ದು ನಾನು ಮಾಡ್ದೆ, ಅಷ್ಟೆ. ಐವತ್ತು ವರ್ಷ ಪುಕ್ಕಟೆ ಬಿಯರ್ ಕೊಡಿಸಿದ್ರಿ ನೋಡಿ, ಹೇಳೋಕೆ ಬಾಯೇ ಬರ್ಲಿಲ್ಲ."

ಹೇಳಿ, ಚೆಂಡು ಎಸೆದ. ಅದು ಒಂದು ಪುಟ ನೆಗೆದು ಓರ್ವಿಲ್‌ನ ಕೈಗವಸಿಗೆ ಬಂದು ಬಿತ್ತು. ಇಡೀ ಮೈದಾನ ಎದ್ದು ನಿಂತು ಓರ್ವಿಲ್‌ನ ಹೆಸರು ಕೂಗಿತು.

ಲೂಥರ್ ಏದುಸಿರು ಬಿಡುತ್ತ ಹತ್ತಿರ ಬಂದು ಕೈ ಚಾಚಿದ. "ಎದ್ದೇಳೋ, ಜನ ನಿನ್ನನ್ನೇ ಕರೀತಿದಾರೆ."

ಮಂಡಿ ಹಿಡಿದುಕೊಂಡಿತ್ತು. ಓರ್ವಿಲ್ ಕಣ್ಣೊರೆಸಿಕೊಂಡು, ನಗುತ್ತ, ಅಷ್ಟೂ ಜನರ ಮುಂದೆ ಅಡ್ಡಡ್ಡ ತಲೆಯಾಡಿಸಿದ.