ಹಾಡುವವರಿಲ್ಲದ ಹಾಡು

ಹುಲಿಹೈದರದ ಕನಕಪ್ಪನ ಮನೆಯಲ್ಲಿ ಫೋನಿನ ಸದ್ದು ಎಷ್ಟಿರಬೇಕೆಂಬುದು ಅಂದು ಇತ್ಯರ್ಥವಾಗಲೇಬೇಕಾದ ಘನ ವಿಷಯವಾಗಿತ್ತು. ಗಂಟಲಿನ ಆಪರೇಷನ್ ಆದಮೇಲೆ ಬಯಲಾಟದ ಈ ಹಳೆಯ ರಾಜನಿಗೆ ಪಿಸುದನಿಯಷ್ಟೇ ಉಳಿದಿತ್ತು. ಇನ್ನು ಊರ ಹುಡುಗರಿಗೆ ಆಟ ಕಲಿಸಲಾರೆನೆಂದು ಹಾರ್ಮೋನಿಯಂಗೆ ಬಟ್ಟೆ ಹೊದಿಸಿಬಿಟ್ಟಿದ್ದ.

“ಸಣ್ಣ ಮಾಡವ್ವ. ಏನದು?” ಎಂದು ಫೋನಿನಲ್ಲಿ ಸಂಗೀತ ಹಾಕಿದ್ದ ಸೊಸೆ ರಂಜಿತಾಳನ್ನು ಕೇಳಿದ.

“ಇಟಲಿಯ ಒಪೇರಾ ಹಾಡ್ರಿ ಮಾವಾರ. ಅವರ ಬಯಲಾಟ ಅನ್ರಿ.”

“ಹಾಡೋರು ಎಲ್ಲಿ ಹೋಗ್ಯಾರ?”

“ಇಲ್ರಿ. ಬರೇ ಪಿಯಾನೊ ಮ್ಯಾಲೆ ನುಡಿಸ್ಯಾರ.”

ಸಾಲು ಮುಗಿದಲ್ಲೆಲ್ಲ ಕನಕಪ್ಪ ರೂಢಿಯಂತೆ ಹಿಮ್ಮೇಳಕ್ಕೆ ಕೈ ಎತ್ತುತ್ತಿದ್ದ. ಹಿಮ್ಮೇಳದವರು ಬರಲಿಲ್ಲ; ಆ ಸಾಲನ್ನೂ ಪಿಯಾನೊವೇ ಎತ್ತಿಕೊಂಡಿತು.

“ಒಬ್ಬನ ಬೆರಳ ರಾಜಾನೂ ಆಗ್ಯಾವ, ಮ್ಯಾಳಾನೂ ಆಗ್ಯಾವ. ದೊಡ್ಡದ ಮಾಡು.”

“ಈಗರೆ ಸಣ್ಣ ಮಾಡಂದ್ರಿ.”

ಅವನು ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದ. ಸಂಜೆ ಆಟದ ಹುಡುಗರನ್ನು ಕರೆಸಿ, ರಾಜನ ಸಾಲನ್ನೂ ಮೇಳದ ಸಾಲನ್ನೂ ಹಾರ್ಮೋನಿಯಂನಲ್ಲೇ ನುಡಿಸಿ ಪಾಠ ಹೇಳಿಕೊಟ್ಟ.