ಕಸದ ಡ್ರೈವ್

ರಾಣೆಬೆನ್ನೂರಿನ ದಿಲನಾಜಳಿಗೆ ಆ ಶುಕ್ರವಾರ ಸಿಟ್ಟು ಬರಿಸದ ವಸ್ತು ಅಂಗಡಿಯಲ್ಲಿ ಒಂದೂ ಉಳಿದಿರಲಿಲ್ಲ. ಕಂಪ್ಯೂಟರಿನ ಮೇಲೆ ಸಿಟ್ಟು, ಪೆನ್‌ಡ್ರೈವಿನ ಮೇಲೆ ಸಿಟ್ಟು, ಬ್ಯಾಡಗಿಯಲ್ಲಿ ಕೂತು ಫೋನಿನಲ್ಲೇ ಪಂಡಿತನಾಗಿದ್ದ ಖಾಲಾನ, ಅಂದರೆ ಚಿಕ್ಕಮ್ಮನ ಮಗ ಅಶ್ಫಾಕನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು, ಅಪ್ಪ ಗೂಡುಸಾಬನ ಮೇಲೆ.

ಅಪ್ಪ ಮಗಳದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಗೂಡುಸಾಬ ಮೂವತ್ತು ವರ್ಷ ಕಾಲಲ್ಲಿ ಮಶೀನು ತುಳಿದ ದರ್ಜಿ. ಐವತ್ತರ ಹತ್ತಿರ ಮೌಸ್ ಹಿಡಿದು ಜಂಪರಿನ ಬೆನ್ನಿಗೆ ಡಿಸೈನು ಬರೆಯುವುದನ್ನು ಹಟ ಹಿಡಿದು ಕಲಿತವನು. ಆ ಸಾಫ್ಟ್‌ವೇರು ಹಳೆಯ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡದು. ಹಳೆಯ ವಿಂಡೋಸಿನಲ್ಲಿ ಇಂಟರ್ನೆಟ್ಟು ಏಳದು. ಒಂದು ಚಿತ್ರ ಕಳಿಸಬೇಕೆಂದರೂ ಪೆನ್‌ಡ್ರೈವ್ ಹಿಡಿದು ಝೆರಾಕ್ಸ್ ಅಂಗಡಿಗೆ ಓಡಬೇಕು, ಬರುವಾಗ ವೈರಸ್ ಹೊತ್ತು ತರಬೇಕು, ಆಮೇಲೆ ಎರಡು ದಿನ ಕೆಲಸ ಬಂದ್. ಹೀಗಿರುವಾಗ ಹಾವೇರಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅರುಣಾ ಮೇಡಂ, ಹೊಸ ನಮೂನೆಗಳ ಚಿತ್ರ ಸಂಜೆಯೊಳಗೆ ಮೇಲ್ ಮಾಡಿ, ಮನಸ್ಸಿಗೆ ಬಂದರೆ ಈ ಸೀಜನ್ನಿನ ಕೆಲಸವೆಲ್ಲ ನಿಮಗೇ ಎಂದಿದ್ದರು.

ದಿಲನಾಜಳಿಗೆ ತಾನು ಬರೆದ ನಮೂನೆಗಳನ್ನು ಕಳಿಸುವ ಆಸೆ. ಆದರೆ ಅವನ್ನು ಕಳಿಸುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಹನ್ನೆರಡು ವರ್ಷಗಳಿಂದ ಅವಳು ಏನು ಬರೆದು ತೋರಿಸಿದರೂ ಗೂಡುಸಾಬನ ಉತ್ತರ ಒಂದೇ: “ಕಸ ಐತಿ. ಕಸದಾಗ ಹಾಕು.” ಯಾರಾದರೂ ಗಿರಾಕಿ ಅವಳ ನಮೂನೆಯನ್ನೇ ಆರಿಸಿದರೆ ಹೊಲಿದು ಕೊಡುತ್ತಿದ್ದ, ಆದರೆ ಅವರ ಮುಂದೆಯೂ, ಏನೋ ಕಸ, ಹುಡುಗಿ ಗೀಚಿದ್ದಾಳೆ ಎನ್ನುತ್ತಿದ್ದ. ಅದು ಬರೀ ಮಾತಲ್ಲ. ಕಂಪ್ಯೂಟರಿನಲ್ಲಿ ‘ಡಿಸೈನ್’ ಎಂಬ ಡ್ರೈವಿನಲ್ಲಿ ಅವನವು, ‘ಕಸ’ ಎಂದೇ ಅವನು ಹೆಸರಿಟ್ಟ ಡ್ರೈವಿನಲ್ಲಿ, ಅವನೇ ಒಯ್ದು ಹಾಕಿದ ಅವಳವು. ಆ ಕಸದ ಡ್ರೈವನ್ನು ಅವಳು ಸ್ವಾಭಿಮಾನಕ್ಕೆ ಒಮ್ಮೆಯೂ ತೆರೆದು ನೋಡಿರಲಿಲ್ಲ.

ವಿಂಡೋಸಿನಂಥದೇ ಇನ್ನೊಂದು, ಹಳೆಯ ಯಂತ್ರದಲ್ಲೂ ಇಂಟರ್ನೆಟ್ಟು ಏಳಿಸುವ ಲಿನಕ್ಸ್ ಹಾಕುವ ಉಪಾಯ ಅಶ್ಫಾಕನದು. “ವಿಂಡೋಸ್ ತಗ್ಯಾಕ ಹೋಗಬ್ಯಾಡ ಆಪಾ. ಅದು ಇದ್ದಲ್ಲೇ ಇರಲಿ, ಇದನ್ನ ಅದರ ಬಾಜೂಕ ಕುಂದ್ರಸೂದು. ಅರ್ಧಾ ತಾಸಿನ ಕೆಲಸ,” ಎಂದಿದ್ದ. ಅರ್ಧ ತಾಸು ಎಂದವನ ನಾಲಿಗೆಗೆ ಬರೆ ಹಾಕಬೇಕು. ಅವನು ಕೊಟ್ಟ ಮೊದಲ ಪೆನ್‌ಡ್ರೈವ್ ಹೊಸ ಕಂಪ್ಯೂಟರಿಗೆ ಆಗುವಂಥದ್ದು, ಈ ಮುದಿ ಯಂತ್ರ ಅದನ್ನು ಮೂಸಿಯೂ ನೋಡಲಿಲ್ಲ. ಎರಡನೆಯದು ಬ್ಯಾಡಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು. ಚಾಲೂ ಆಗುವಾಗ ಎಫ್ ಹನ್ನೆರಡು ಒತ್ತು ಎಂದ ಅಶ್ಫಾಕ ಫೋನಿನಲ್ಲಿ. ಕೀಬೋರ್ಡಿನಲ್ಲಿ ಆ ಗುಂಡಿಯೇ ಕಿತ್ತುಹೋಗಿತ್ತು. ಸೂಜಿಯಿಂದ ಚುಚ್ಚಿ ಚುಚ್ಚಿ ಒತ್ತಿದಳು. ಅವನು ಕೆಲಸ ಮಾಡುವುದು ಮೆಣಸಿನಕಾಯಿ ಚೀಲಗಳ ಕೋಲ್ಡ್ ಸ್ಟೋರೇಜಿನಲ್ಲಿ. ಮುಖ್ಯವಾದದ್ದನ್ನು ಹೇಳುವ ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತಿದ್ದ, ಫೋನು ಕಟ್ಟಾಗುತ್ತಿತ್ತು.

ಮಧ್ಯಾಹ್ನ ಗೂಡುಸಾಬ ಜುಮ್ಮಾ ನಮಾಜಿಗೆ ಹೋದ ಮೇಲೆ ಅಂತೂ ಪರದೆ ಬೆಳಗಿತು. ಲಿನಕ್ಸು ಬಂತು, ಬಂದದ್ದೇ ಜಾಗ ಸಾಲದು ಎಂದಿತು. ಯಾವುದಾದರೊಂದು ಡ್ರೈವ್ ಅಳಿಸಲೇಬೇಕು ಎಂದ ಅಶ್ಫಾಕ. ಯಾವ ಯಾವ ಡ್ರೈವ್ ಇವೆ ಎಂದು ಕೇಳಿ, ಕಸ ಅಂತ ಬರೆದದ್ದನ್ನೇ ತೆಗೆ, ಆದರೆ ಒಮ್ಮೆ ಒಳಗೆ ಇಣುಕಿ ನೋಡು ಎಂದ.

“ನೋಡೂದೇನೈತಿ? ನಂದ ಕಸ ಐತಿ,” ಎಂದಳು ದಿಲನಾಜ.

ಇದ್ದರೆಷ್ಟು, ಹೋದರೆಷ್ಟು, ಮೇಡಂಗೆ ಅಪ್ಪನವನ್ನೇ ಕಳಿಸಿದರಾಯಿತು ಎಂದುಕೊಂಡು, ಅಳಿಸು ಎಂಬುದನ್ನು ಒತ್ತಿ, ಮುಂದುವರಿ ಎಂಬುದನ್ನೂ ಒತ್ತಿಬಿಟ್ಟಳು. ಪರದೆಯ ನಡುವೆ ಒಂದು ಚಕ್ರ ಸುತ್ತತೊಡಗಿತು. ಸುತ್ತಿತು, ಸುತ್ತಿತು, ನಿಂತಿತು. ಮೌಸ್ ಅಲುಗದು, ಗುಂಡಿ ಕೇಳದು. ಅಳಿಸುವುದಕ್ಕೂ ಬಾರದ ದರಿದ್ರ ಯಂತ್ರ ಎಂದು ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಗೂಡುಸಾಬ ಬಂದ. ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಏನು ಮಾಡುತ್ತಿದ್ದೀ ಎಂದು ಕೇಳಿದ. ಜಾಗಕ್ಕಾಗಿ ಕಸ ತೆಗೆಯುತ್ತಿದ್ದೇನೆ ಎಂದಳು. ಅವನ ಮುಖ ಬಿಳಿಚಿಕೊಂಡಿತು. ನೇರ ಹೋಗಿ ಗೋಡೆಯಿಂದ ವೈರು ಕಿತ್ತ. ನಡುವೆ ಕರೆಂಟು ಮಾತ್ರ ತೆಗೆಯಬೇಡಿ ಎಂದು ಅಶ್ಫಾಕ ಬೆಳಗಿನಿಂದ ಹತ್ತು ಸಲ ಹೇಳಿದ್ದ.

“ಹಚ್ಚಿ ನೋಡು,” ಎಂದ.

ಆ ವಿಂಡೋಸ್ ಏಳಲು ಐದು ನಿಮಿಷ ಬೇಕು. ಗೂಡುಸಾಬ ಸ್ಟೂಲಿನ ಮೇಲೆ ಕುಸಿದು ಕೂತ. ಕಸ ಹೋದರೆ ನಿಮಗೇನು ಕಷ್ಟ ಎಂದು ಮಗಳು ಸಿಡುಕಿದಳು.

“ನನಗಿಂತ ಮದಲ ಹುಟ್ಟಿದ ಮೂರು ಕೂಸು ಹೋದ್ವು,” ಎಂದ ಅವನು, ಪರದೆ ನೋಡುತ್ತಲೇ. “ನಾ ಹುಟ್ಟಿದಾಗ ನಮ್ಮಮ್ಮ ನನ್ನ ನಮ್ಮೂರು ಹಲಗೇರಿಯ ತಿಪ್ಪಿ ಮ್ಯಾಲ ಮಲಗಿಸಿ, ಅಲ್ಲಿಂದ ಎತ್ತಿಕೊಂಡು ಬಂದ್ಲು. ನಮ್ಮ ಮನ್ಯಾಗ ತಿಪ್ಪಿಗೆ ಗೂಡಾ ಅಂತಿದ್ರು. ಅದಕ್ಕ ಗೂಡು ಅಂತ ಹೆಸರಿಟ್ರು. ಕಸದ ಮ್ಯಾಲ ಯಾರ ಕೆಟ್ಟ ಕಣ್ಣೂ ಬೀಳೂದಿಲ್ಲ ಬೇಟಾ. ನಾ ಉಳದೆ.”

ದಿಲನಾಜ ಪರದೆಯಿಂದ ಕಣ್ಣು ತೆಗೆದು ಅಪ್ಪನ ಕಡೆ ತಿರುಗಿದಳು.

“ನನ್ನವು ಹಾಳಾದ್ರ ಮತ್ತ ಬರೀತೇನಿ. ನಿನ್ನ ಕೈ ನನಗಿಲ್ಲ,” ಎಂದವನೇ, ಆಡಬಾರದ್ದನ್ನು ಆಡಿದಂತೆ ಪಕ್ಕಕ್ಕೆ ತಿರುಗಿ ಮೂರು ಸಲ ಥೂ ಥೂ ಎಂದ.

ವಿಂಡೋಸ್ ಎದ್ದಿತು. ಕಸದ ಡ್ರೈವ್ ಇದ್ದಲ್ಲೇ ಇತ್ತು. ಯಂತ್ರ ಅಳಿಸುವ ಮೊದಲೇ ಮೊಂಡು ಬಿದ್ದು ನಿಂತಿತ್ತು. ದಿನವಿಡೀ ಶಪಿಸಿದ ಆ ಮುದಿ ಪೆಟ್ಟಿಗೆಯ ನೆತ್ತಿಯನ್ನು ದಿಲನಾಜ ತನಗರಿವಿಲ್ಲದೆ ಸವರಿದಳು. ಒಳಗೆ ವರ್ಷಕ್ಕೊಂದರಂತೆ ಹನ್ನೆರಡು ಫೋಲ್ಡರುಗಳು. ಅವಳು ಹದಿನೈದನೇ ವಯಸ್ಸಿನಲ್ಲಿ ಬರೆದ ಮೂರು ಕಾಲಿನ ನವಿಲೂ ಇತ್ತು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷ ಇದನ್ನೊಂದು ಮಾತು ಹೇಳಲು ನಿಮಗೇನು ಧಾಡಿಯಾಗಿತ್ತು ಎಂದು ಕೇಳಿದಳು.

“ಹೇಳಿದ್ರ ಅದು ಕಸ ಹೆಂಗ ಆಗ್ತೈತಿ?” ಎಂದ ಗೂಡುಸಾಬ. ಇಂಥವನ ಜೊತೆ ಏನು ವಾದ ಮಾಡುವುದು?

ಜಾಗ ಬೇಕಾದರೆ ನನ್ನ ಡಿಸೈನ್ ಡ್ರೈವ್ ತೆಗೆ ಎಂದು ಅವನೇ ಹೇಳಿದ. ಅವಳು ಅದರಲ್ಲಿದ್ದ ಪ್ರತಿಯೊಂದನ್ನೂ ಎರಡೆರಡು ಪೆನ್‌ಡ್ರೈವಿಗೆ ಇಳಿಸಿ, ತೆರೆದು ನೋಡಿ, ಆಮೇಲಷ್ಟೇ ಆ ಜಾಗ ಬಿಟ್ಟುಕೊಟ್ಟಳು. ಈ ಸಲ ಚಕ್ರ ಸುತ್ತಿ ಮುಂದೆ ಹೋಯಿತು. ಕಂಪ್ಯೂಟರಿಗೊಂದು ಹೆಸರು ಕೊಡಿ ಎಂದು ಲಿನಕ್ಸು ಕೇಳಿತು. ಒಳ್ಳೆಯದೊಂದು ಹೆಸರು ಕೊಡು ಎಂದ ಫೋನಿನಲ್ಲಿ ಅಶ್ಫಾಕ. ದಿಲನಾಜ ‘ಗೂಡು’ ಎಂದು ಬರೆದಳು.

ಸಂಜೆಯ ಅಸರ್ ನಮಾಜಿನ ಕೂಗು ಕೇಳುವ ಹೊತ್ತಿಗೆ ವಿಂಡೋಸು, ಲಿನಕ್ಸು ಎರಡೂ ಪಕ್ಕ ಪಕ್ಕ ಕೂತಿದ್ದವು. ಚಾಲೂ ಮಾಡಿದರೆ ಯಾವುದು ಬೇಕೆಂದು ಯಂತ್ರವೇ ಕೇಳುತ್ತಿತ್ತು. ಅವಳು ಕಸದ ಡ್ರೈವಿನಿಂದ ಹತ್ತು ನಮೂನೆ ಆರಿಸಿ ಅರುಣಾ ಮೇಡಂಗೆ ಜೋಡಿಸಿದಳು. ಕಳಿಸುವ ಮೊದಲು ಪರದೆಯನ್ನು ಅಪ್ಪನ ಕಡೆ ತಿರುಗಿಸಿದಳು. ಗೂಡುಸಾಬ ಕನ್ನಡಕ ಏರಿಸಿ ಹತ್ತನ್ನೂ ಒಂದೊಂದಾಗಿ, ಬಹಳ ಹೊತ್ತು ನೋಡಿದ.

“ಕಸ ಐತಿ,” ಎಂದ.

“ಖರೇನ ಅಬ್ಬಾ?” ಎಂದು ಕೇಳಿದಳು ದಿಲನಾಜ.

“ಖರೇನ. ಇಂಥಾ ಕಸ ನಾ ಎಲ್ಲೂ ನೋಡಿಲ್ಲ.”

ಅವಳು ಕಣ್ಣೊರೆಸಿಕೊಂಡು ಕಳಿಸು ಎಂಬುದನ್ನು ಒತ್ತಿದಳು.